ಯಾವ ತೊಂದರೆ ನಿಮಗೆ ಒಗ್ಗುತ್ತದೆ? ಉತ್ತರ ಕನ್ನಡದಲ್ಲಿ ಬಯಲಲ್ಲಿ ಮಲಗುವವರಿಗೊಂದು ಮಾರ್ಗದರ್ಶಿ

ಡೇರೆ ಹಾಕಿ ಮಲಗಬೇಕೆಂದು ಕಾರವಾರಕ್ಕೋ ಶಿರಸಿಗೋ ಹೊರಡುವವರು ಮೊದಲು ಕೇಳುವುದು ಒಳ್ಳೆಯ ಜಾಗ ಯಾವುದು ಎಂದು. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಮೊದಲನೆಯದು: ಯಾವ ತೊಂದರೆಯನ್ನು ನಾನು ರಾತ್ರಿಯಿಡೀ ಸಹಿಸಬಲ್ಲೆ? ಸೆಕೆಯೋ, ಚಳಿಯೋ, ಮರಳೋ, ಉಂಬಳವೋ (ಜಿಗಣೆ), ಪಕ್ಕದ ಡೇರೆಯವರ ಹಾಡೋ? ಬಯಲಲ್ಲಿ ಮಲಗುವ ಪ್ರತಿಯೊಂದು ಬಗೆಯಲ್ಲೂ ಒಂದಲ್ಲ ಒಂದು ತೊಂದರೆ ಇದ್ದೇ ಇರುತ್ತದೆ. ಹೆಚ್ಚು ಹಣ ಕೊಟ್ಟರೆ ಅದು ಹೋಗುವುದಿಲ್ಲ, ಬೇರೆಯದೊಂದು ಬರುತ್ತದೆ. ಎರಡನೆಯ ಪ್ರಶ್ನೆ, ಹೋಗುವುದು ಯಾವ ತಿಂಗಳು. ಇವೆರಡಕ್ಕೆ ಉತ್ತರ ಸಿಕ್ಕರೆ ಜಾಗ ತಾನಾಗಿ ಗೊತ್ತಾಗುತ್ತದೆ.

ತಿಂಗಳು ಗೊತ್ತುಮಾಡಿಕೊಳ್ಳಿ

ಜಿಲ್ಲೆ ಒಂದೇ, ಹವೆ ಎರಡು. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವುದು 60 ಕಿಲೋಮೀಟರ್ ಆಸುಪಾಸಿನ ದಾರಿ. ಅಷ್ಟರಲ್ಲಿ ನೀವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಬಂದಿರುತ್ತೀರಿ. ಡಿಸೆಂಬರಿನ ಒಂದೇ ರಾತ್ರಿ ಕೆಳಗೆ ಮರಳಿನಲ್ಲಿ ಮಲಗಿದವನಿಗೆ ತೆಳು ಹೊದಿಕೆ ಸಾಕಾದರೆ, ಮೇಲೆ ತೋಟದಂಚಿನಲ್ಲಿ ಮಲಗಿದವನಿಗೆ ಕಂಬಳಿ ಬೇಕು. ಶಿರಸಿ ಕಡೆ ಉಷ್ಣಾಂಶ 15 ಡಿಗ್ರಿಯ ಹತ್ತಿರ ಇಳಿಯುವ ಕಾಲ ಅದು.

ನವೆಂಬರಿನಿಂದ ಫೆಬ್ರುವರಿಯವರೆಗೆ ಎರಡೂ ಕಡೆ ಒಳ್ಳೆಯದು. ಮಾರ್ಚ್ ನಂತರ ಕರಾವಳಿಯ ಡೇರೆಯೊಳಗೆ ರಾತ್ರಿ ಎರಡು ಗಂಟೆಗೂ ಬೆವರು ಆರುವುದಿಲ್ಲ. ಮೇ ತಿಂಗಳಲ್ಲಿ ಸಂಜೆಗೆ ಗುಡುಗು ಸಿಡಿಲು. ಆದರೂ ಮೇ ಕೊನೆಯಲ್ಲಿ ಘಟ್ಟದ ಮೇಲೆ ಒಂದು ರಾತ್ರಿ ಕಳೆಯಲು ಕಾರಣವಿದೆ: ಮೊದಲ ಮಳೆ ಬಿದ್ದ ಮೇಲೆ ಮಿಂಚುಹುಳುಗಳು ಮರದಿಂದ ಮರಕ್ಕೆ ಹಬ್ಬಿ ಮಿನುಗುವುದನ್ನು ನೋಡಬಹುದು. ಸೆಕೆಯನ್ನೂ ಹುಳಹುಪ್ಪಟೆಯನ್ನೂ ಅದಕ್ಕಾಗಿ ಸಹಿಸಬಹುದು ಎಂಬುದು ನನ್ನ ಅಭಿಪ್ರಾಯ, ಮನೆಯವರೆಲ್ಲ ಒಪ್ಪಲಿಕ್ಕಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಡೇರೆ ಬೇಡವೇ ಬೇಡ. ಕಾರವಾರದಲ್ಲಿ ವರ್ಷಕ್ಕೆ ಸುರಿಯುವ 3000 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಯಾವ ಜಲನಿರೋಧಕ ಬಟ್ಟೆಯನ್ನು ಮಾರುವವನೂ ಈ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಹೊಲಿಸಿರುವುದಿಲ್ಲ. ನೆನೆಯುವುದು ದೊಡ್ಡ ಮಾತಲ್ಲ, ಗುಡ್ಡ ದೊಡ್ಡ ಮಾತು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ, ವಾಹನ ಎಲ್ಲವೂ ಮಣ್ಣುಪಾಲಾದವು. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಡೇರೆಯಷ್ಟೇ ಅಲ್ಲ, ಕಾರನ್ನೂ ನಿಲ್ಲಿಸಬೇಡಿ. ಮಳೆಯ ಸದ್ದು ಕೇಳುತ್ತಾ ಮಲಗುವ ಆಸೆಯಿದ್ದರೆ ಯಾರದಾದರೂ ಮನೆಯ ಜಗುಲಿಯಲ್ಲಿ ಸೊಳ್ಳೆಪರದೆ ಕಟ್ಟಿ ಮಲಗಿ. ಅದೂ ಬಯಲ ಸುಖವೇ, ಮೇಲೊಂದು ಮಾಡು ಇರುತ್ತದೆ ಅಷ್ಟೆ.

ಶಿವರಾತ್ರಿಯ ಗೋಕರ್ಣ ಮತ್ತು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಶಿರಸಿ, ಇವೆರಡರ ದಿನಾಂಕವನ್ನು ಮೊದಲೇ ನೋಡಿಕೊಳ್ಳಿ. ಜಾತ್ರೆ ನೋಡುವುದಾದರೆ ಜಾತ್ರೆಗೆಂದೇ ಬನ್ನಿ.

ನೆಲ ಯಾರದು?

ಈ ಜಿಲ್ಲೆಯ ಬಹುಪಾಲು ಕಾಡು. ಆ ಕಾಡಿಗೆಲ್ಲ ಒಡೆಯರಿದ್ದಾರೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಿಂದ ಅದಕ್ಕೆ ಕಾಳಿ ಎಂಬ ಹೆಸರು. ಅಲ್ಲಿ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ತಡೆಯಿದೆ. 'ಒಂದು ರಾತ್ರಿ ತಾನೇ, ಯಾರಿಗೆ ಗೊತ್ತಾಗುತ್ತದೆ' ಎನ್ನುವವರು ಕಾಡುಕೋಣಕ್ಕೆ ಗೊತ್ತಾಗುತ್ತದೆಂಬುದನ್ನು ಮರೆತಿರುತ್ತಾರೆ. ಅರಣ್ಯ ಇಲಾಖೆ ಗೊತ್ತುಮಾಡಿದ ಚಾರಣದ ದಾರಿಗಳನ್ನು ಮುಂಗಡ ಕಾಯ್ದಿರಿಸಿ ನಡೆಯಿರಿ, ಮಲಗಲು ಊರಿಗೆ ಬನ್ನಿ. ಯಾಣದ ಬಂಡೆ, ಉಂಚಳ್ಳಿ ಮತ್ತು ವಿಭೂತಿ ಜಲಪಾತ, ಶಾಲ್ಮಲೆ ಹೊಳೆಯ ಸಹಸ್ರಲಿಂಗ, ಇವೆಲ್ಲ ಹಗಲಿನಲ್ಲಿ ನೋಡಿಬರುವ ಜಾಗಗಳು.

ಕಾರವಾರದ ದಕ್ಷಿಣಕ್ಕೆ ಅರಗಾ ಸುತ್ತಮುತ್ತ ನೌಕಾನೆಲೆಯಿದೆ. ಸೀಬರ್ಡ್ ಯೋಜನೆಯ ಬೇಲಿ ಕಂಡ ಕಡೆ ಡೇರೆಯೂ ಬೇಡ, ಡ್ರೋನೂ ಬೇಡ. ಉಳಿದ ಕಡಲತೀರಗಳಲ್ಲಿ ರಾತ್ರಿ ತಂಗಲು ಬಿಡುತ್ತಾರೋ ಇಲ್ಲವೋ ಎಂಬುದು ಊರಿಂದ ಊರಿಗೆ, ಒಮ್ಮೊಮ್ಮೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ಹಗಲಿನಲ್ಲೇ ಕೇಳಿ. ತೀರಕ್ಕೆ ತಾಗಿದ ಖಾಸಗಿ ತೋಟದಲ್ಲಿ ಒಡೆಯರನ್ನು ಕೇಳಿ ಡೇರೆ ಹಾಕುವುದೇ ಎಲ್ಲಕ್ಕಿಂತ ನಿರಾಳ.

ಹೊಳೆಯ ನಡುವಿನ ಬಂಡೆ, ಮರಳದಿಬ್ಬ ಎಷ್ಟೇ ಚೆಂದ ಕಂಡರೂ ಅಲ್ಲಿ ಮಲಗಬಾರದು. ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ವಿದ್ಯುತ್ ಉತ್ಪಾದನೆಗೆಂದು ನೀರು ಬಿಟ್ಟರೆ ಮಳೆಯಿಲ್ಲದ ಜನವರಿಯಲ್ಲೂ ಕೆಳಗಿನ ಹೊಳೆ ಏರುತ್ತದೆ. ಗಣೇಶಗುಡಿಯಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಇದೇ ನೀರಿನಿಂದ. ದಾಂಡೇಲಿಯ ಬಳಿ ಅದೇ ಹೊಳೆಯಲ್ಲಿ ಮೊಸಳೆಗಳೂ ಇವೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಹಾಗೆಂದು ಅದು ಏರುವುದಿಲ್ಲವೆಂದಲ್ಲ. ಅದು ಮೇಲಿನ ಸಿದ್ದಾಪುರದ ಮಳೆಯನ್ನು ಕೇಳುತ್ತದೆ.

ಮರಳಿನ ಮೇಲೆ

ಕಡಲತೀರದ ಡೇರೆಯ ಸುಖ ಸಂಜೆ ಆರರಿಂದ ಒಂಬತ್ತರವರೆಗೆ. ಆ ಮೂರು ಗಂಟೆಗೆ ಸಾಟಿಯಾದದ್ದು ಘಟ್ಟದ ಮೇಲೆ ಇಲ್ಲವೆಂದು ಘಟ್ಟದ ಮೇಲಿನವನಾದ ನಾನು ಒಪ್ಪುತ್ತೇನೆ. ಹೊತ್ತು ಮುಳುಗಿದ ಮೇಲೂ ಸಮುದ್ರದಿಂದ ಗಾಳಿ ಬೀಸುತ್ತಿರುತ್ತದೆ, ಕಾಲಡಿಯ ಮರಳು ನಿಧಾನ ತಣಿಯುತ್ತದೆ, ದೂರದಲ್ಲಿ ದೋಣಿಗಳ ದೀಪ ಸಾಲುಗಟ್ಟುತ್ತವೆ. ಅದೃಷ್ಟವಿದ್ದರೆ ಚಳಿಗಾಲದ ಯಾವುದೋ ರಾತ್ರಿ ಅಲೆ ಒಡೆಯುವಲ್ಲೆಲ್ಲ ನೀಲಿ ಬೆಳಕು ಕಾಣುತ್ತದೆ. ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ನೀರು ಕದಡಿದಾಗ ಹೊಮ್ಮಿಸುವ ಬೆಳಕು ಅದು.

ಒಂಬತ್ತರ ನಂತರ ಲೆಕ್ಕ ಬೇರೆ. ಹಗಲಿಡೀ ನೆಲದ ಕಡೆಗೆ ಬೀಸಿದ ಗಾಳಿ ನಿಲ್ಲುತ್ತದೆ. ರಾತ್ರಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಇಳಿಯುವ ಗಾಳಿ ಇನ್ನೂ ಶುರುವಾಗಿರುವುದಿಲ್ಲ. ನಡುವಿನ ಈ ಹೊತ್ತಿನಲ್ಲಿ ಡೇರೆಯ ಬಟ್ಟೆ ಅಲುಗುವುದಿಲ್ಲ, ಮೈ ಅಂಟಂಟು, ಕಿವಿಯ ಹತ್ತಿರ ನುಸಿ. ಆದ್ದರಿಂದ ಎರಡೂ ತುದಿಯಲ್ಲಿ ಬಲೆಬಾಗಿಲಿರುವ ಡೇರೆಯನ್ನೇ ತನ್ನಿ, ಪೂರ್ವ ಪಶ್ಚಿಮವಾಗಿ ಹಾಕಿ. ಸಂಜೆಯ ಗಾಳಿ ಒಂದು ಬಾಗಿಲಿಂದ, ಬೆಳಗಿನ ಜಾವದ ಗಾಳಿ ಇನ್ನೊಂದರಿಂದ ಹಾದುಹೋಗುತ್ತದೆ. ಸಮುದ್ರಕ್ಕೆ ಒಂದೇ ಬಾಗಿಲು ತೆರೆದಿರುವ ಡೇರೆ ಫೋಟೊಗೆ ಚೆಂದ, ನಿದ್ದೆಗಲ್ಲ.

ಹಾಕುವ ಮುನ್ನ ಭರತದ, ಎಂದರೆ ಉಬ್ಬರದ, ಗೆರೆ ಹುಡುಕಿ. ಒಣಗಿದ ಕಸಕಡ್ಡಿ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಸಾಲಾಗಿ ಬಿದ್ದಿರುತ್ತದಲ್ಲ, ನೀರು ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ನಮ್ಮ ಕರಾವಳಿಯಲ್ಲಿ ಸುಮಾರು ಇಪ್ಪತ್ತೈದು ಗಂಟೆಗೆ ಎರಡು ಸಲ ನೀರು ಏರಿ ಇಳಿಯುತ್ತದೆ. ಇಂದಿನ ಉಬ್ಬರದ ಹೊತ್ತು ನಾಳೆಗೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಆ ಗೆರೆಯೂ ಸ್ಥಿರವಲ್ಲ. ಅಷ್ಟಮಿಯ ಸುಮಾರಿಗೆ ಕಂಡ ಗೆರೆಯನ್ನು ನಂಬಿ ಅಮಾವಾಸ್ಯೆಗೋ ಹುಣ್ಣಿಮೆಗೋ ಅಲ್ಲೇ ಮಲಗಿದರೆ ನೀರು ಎಬ್ಬಿಸುತ್ತದೆ. ಆ ದಿನಗಳಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಕಾರವಾರದಂಥ ಚಪ್ಪಟೆ ತೀರದಲ್ಲಿ ಅಷ್ಟು ಎತ್ತರವೆಂದರೆ ಅಡ್ಡಕ್ಕೆ ಬಹಳ ದೂರ. ನೇರಳೆ ಹೂವಿನ ಬಳ್ಳಿ ಮರಳ ಮೇಲೆ ಹಬ್ಬಿರುವ ಕಡೆ ಸಾಮಾನ್ಯವಾಗಿ ನೀರು ಬರುವುದಿಲ್ಲ. ಆ ಬಳ್ಳಿಯನ್ನು ತುಳಿಯದೆ ಅದರ ಹಿಂದೆ, ಗಾಳಿಮರದ ಸಾಲಿನ ಮುಂದೆ ಡೇರೆ ಹಾಕಿ. ತೆಂಗಿನ ಮರದ ಕೆಳಗೆ ಬೇಡ. ಕಾರಣ ತಲೆ ಎತ್ತಿ ನೋಡಿದರೆ ತಿಳಿಯುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಅಳಿವೆಗಳ ಮರಳದಂಡೆ ನಂಬಿಕೆಯದಲ್ಲ, ಅಲ್ಲಿನ ಸೆಳೆತವಂತೂ ಈಜು ಬಲ್ಲವರಿಗೂ ಅಪಾಯ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಬಟ್ಟೆಯ ಕೈಚೀಲ ನಾಲ್ಕಾರು ತನ್ನಿ, ಮರಳು ತುಂಬಿ ಬಾಯಿ ಕಟ್ಟಿ, ಡೇರೆಯ ಹಗ್ಗವನ್ನು ಅದಕ್ಕೆ ಬಿಗಿದು ಒಂದು ಮೊಳ ಆಳ ಹೂಳಿ ಮೇಲೆ ತುಳಿಯಿರಿ. ರಾತ್ರಿ ಗಾಳಿ ಎದ್ದರೂ ಅಲುಗುವುದಿಲ್ಲ. ಬಾಗಿಲಲ್ಲೊಂದು ಚಾಪೆ, ಪಕ್ಕದಲ್ಲೊಂದು ಚೊಂಬು ನೀರು, ಕಾಲು ತೊಳೆಯದೆ ಒಳಗೆ ಬರಬಾರದೆಂಬ ಕಟ್ಟಪ್ಪಣೆ, ಮೂರೂ ಇರಲಿ. ಇಷ್ಟಾದರೂ ಮರಳು ಒಳಗೆ ಬರುತ್ತದೆ, ಅವಲಕ್ಕಿಯಲ್ಲೂ ಸಿಗುತ್ತದೆ. ಅದನ್ನು ಸಹಿಸಲಾಗದವರು ಈ ಭಾಗವನ್ನು ಬಿಟ್ಟು ಮುಂದೆ ಓದಬಹುದು.

ಗೋಕರ್ಣದ ಕುಡ್ಲೆ ಮತ್ತು ಓಂ ತೀರಗಳಲ್ಲಿ ಅಂಗಡಿ, ಊಟ, ಬೆಳಕು, ಗದ್ದಲ ಎಲ್ಲವೂ ಇವೆ. ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ನಡೆದು ಅಥವಾ ದೋಣಿಯಲ್ಲೇ ಹೋಗಬೇಕು. ಅಲ್ಲಿ ಏಕಾಂತ ಬೇಕೆಂದರೆ ಅದರ ಬೆಲೆಯನ್ನು ಬೆನ್ನ ಮೇಲೆ ಹೊರಬೇಕು: ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಕತ್ತಲಾದ ಮೇಲೆ ಬಂಡೆಯ ದಾರಿ ಹಿಡಿಯಬೇಡಿ. ರಾತ್ರಿ ಈಜುವುದಂತೂ ಬೇಡವೇ ಬೇಡ.

ತೀರದಲ್ಲಿ ನಿಮಗಿಂತ ಮೊದಲು ಬಂದವರು ಇಬ್ಬರಿದ್ದಾರೆ. ಒಬ್ಬರು ಮೀನುಗಾರರು: ದೋಣಿ ಎಳೆಯುವ ದಾರಿ, ಬಲೆ ಒಣಗಿಸುವ ಜಾಗ, ರಂಪಣಿ ಎಂಬ ದೊಡ್ಡ ಬಲೆ ಎಳೆಯುವ ದಂಡೆ ಬಿಟ್ಟು ಡೇರೆ ಹಾಕಿ. ನೀರು ಎಲ್ಲಿಯವರೆಗೆ ಬರುತ್ತದೆಂದು ಅವರನ್ನೇ ಕೇಳಿ, ಮೊಬೈಲಿಗಿಂತ ಖಚಿತ ಉತ್ತರ ಸಿಗುತ್ತದೆ. ಇನ್ನೊಬ್ಬರು ಕಡಲಾಮೆಗಳು. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದ ತಿಂಗಳುಗಳಲ್ಲಿ ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡಿನಲ್ಲಿ, ಕಾರವಾರದ ಸುತ್ತ ಅರಣ್ಯ ಇಲಾಖೆ ಗೂಡುಗಳನ್ನು ಕಾಯುತ್ತದೆ. ಮರಿಗಳು ಬೆಳಕಿನ ಕಡೆಗೆ ಹೋಗುವ ಸ್ವಭಾವದವು. ಸಮುದ್ರದ ಹೊಳಪು ನೋಡಿ ನಡೆಯಬೇಕಾದವು ನಿಮ್ಮ ದೊಡ್ಡ ದೀಪ ನೋಡಿ ರಸ್ತೆಯ ಕಡೆ ತಿರುಗುತ್ತವೆ. ಊಟ ಮುಗಿದ ಕೂಡಲೇ ದೀಪ ಆರಿಸಿ, ಬೇಕಾದಾಗ ಕೆಂಪು ಬೆಳಕಿನ ಸಣ್ಣ ಟಾರ್ಚ್ ಸಾಕು.

ಅಂಗಳದಲ್ಲಿ, ತೋಟದಂಚಿನಲ್ಲಿ

ಈ ಜಿಲ್ಲೆಗೆ ಹೇಳಿ ಮಾಡಿಸಿದ್ದು ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೃಷಿಕರ ಮನೆಗಳಲ್ಲಿ, ಜೊಯಿಡಾದ ಕುಣಬಿ ಸಮುದಾಯದವರ ಊರುಗಳಲ್ಲಿ ಹೋಂಸ್ಟೇ ನಡೆಸುವವರು ಈಗ ಸಾಕಷ್ಟಿದ್ದಾರೆ. ಕೋಣೆ ಬೇಡ, ಅಂಗಳದಲ್ಲಿ ಡೇರೆ ಹಾಕುತ್ತೇವೆ, ಊಟ ಸ್ನಾನ ನಿಮ್ಮಲ್ಲಿ ಎಂದರೆ ಒಪ್ಪುವವರು ಸಿಗುತ್ತಾರೆ. ಮೊದಲೇ ಫೋನ್ ಮಾಡಿ, ದರ ಮಾತಾಡಿ, ಎಷ್ಟು ಜನ ಎಂದು ಹೇಳಿ. ಹೇಳಿದ್ದಕ್ಕಿಂತ ಇಬ್ಬರು ಹೆಚ್ಚು ಬಂದರೆ ಮನೆಯವರು ಏನೂ ಅನ್ನುವುದಿಲ್ಲ, ಅಡುಗೆಮನೆಯಲ್ಲಿ ಮಾತ್ರ ಇನ್ನೊಂದು ಪಾತ್ರೆ ಒಲೆಗೇರುತ್ತದೆ.

ಹೋದ ಕೂಡಲೇ 'ಆಸರಿಗೆ ಎಂತ ಬೇಕು' ಎಂದು ಕೇಳುತ್ತಾರೆ. ಬೇಡ ಎನ್ನಬೇಡಿ, ಮಜ್ಜಿಗೆಯೋ ಮುರುಗಲು ಪಾನಕವೋ ಬರುತ್ತದೆ, ಕುಡಿದು ಕುಳಿತುಕೊಳ್ಳಿ. ಯಜಮಾನರನ್ನು ಹೆಗಡೆಯವರೇ, ಭಟ್ಟರೇ, ಗೌಡರೇ ಎಂದು ಊರಿನವರು ಕರೆಯುವಂತೆ ಕರೆಯಿರಿ. ಮನೆಯ ಹೆಂಗಸರಿಗೆ ಅಕ್ಕ, ಅಮ್ಮ ಸಾಕು. ಡೇರೆ ಎಲ್ಲಿ ಹಾಕಬೇಕೆಂದು ಅವರೇ ತೋರಿಸಲಿ. ಅಡಿಕೆಯ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲದಲ್ಲಿ, ಅಂದರೆ ನಿಮಗೆ ಬರಲು ಅನುಕೂಲವಾದ ಅದೇ ಚಳಿಗಾಲದಲ್ಲಿ, ಅಂಗಳದ ತುಂಬ ಅಡಿಕೆ ಹರವಿರುತ್ತಾರೆ. ಅಲ್ಲಿ ಡೇರೆಗೆ ಜಾಗವಿಲ್ಲ. ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುವವರ ಜೊತೆ ಕುಳಿತು ಊರ ಸುದ್ದಿ ಕೇಳುವ ಅವಕಾಶ ಮಾತ್ರ ಇದೆ, ಅದು ಯಾವ ಶಿಬಿರಾಗ್ನಿಗೂ ಕಡಿಮೆಯಲ್ಲ.

ಅಡಿಕೆ ಮರದ ಕೆಳಗೆ ಮಲಗಬೇಡಿ. ಹಾಳೆ ಸಮೇತ ಸೋಗೆ ಕಳಚಿ ಬಿದ್ದರೆ ಡೇರೆಯ ಕೋಲು ಮುರಿಯುತ್ತದೆ. ತೋಟವೇ ತಗ್ಗಿನಲ್ಲಿರುವುದರಿಂದ ಅಲ್ಲಿ ತೇವವೂ ಸೊಳ್ಳೆಯೂ ಹೆಚ್ಚು. ಭತ್ತ ಕೊಯ್ದ ಗದ್ದೆ ಸಮತಟ್ಟಾಗಿರುತ್ತದೆ, ಆದರೆ ಕೂಳೆ ಬೆನ್ನಿಗೆ ಚುಚ್ಚುತ್ತದೆ. ದಪ್ಪ ತಾಡಪಾಲಿನ ಮೇಲೆ ಚಾಪೆ, ಅದರ ಮೇಲೆ ಹಾಸಿಗೆ ಎಂದು ಮೂರು ಪದರ ಮಾಡಿ. ಮೆತ್ತಗಿರಲೆಂದು ಕೊಟ್ಟಿಗೆಯ ಹುಲ್ಲು ಕೇಳಿ ತಂದು ಹಾಸಬೇಡಿ, ಅದರೊಂದಿಗೆ ರಕ್ತ ಹೀರುವ ಉಣುಗು ಎಂಬ ಸಣ್ಣ ಹುಳ ಬರಬಹುದು. ಗದ್ದೆ ಬೆಟ್ಟಕ್ಕೆ ತಾಗಿದ್ದರೆ ಹಂದಿ, ಕಾಡುಕೋಣ ರಾತ್ರಿ ಬರುತ್ತವೆಯೇ ಎಂದು ಕೇಳಿ. ಬರುತ್ತವೆ ಎಂದರೆ ಮನೆಗೆ ಹತ್ತಿರ ಬನ್ನಿ. ತಿನ್ನುವ ವಸ್ತು ಯಾವುದನ್ನೂ ಡೇರೆಯೊಳಗೆ ಇಡಬೇಡಿ. ಮಂಗಗಳಿಗೆ ಜಿಪ್ ತೆರೆಯಲು ಬರುವುದಿಲ್ಲ, ಹರಿಯಲು ಬರುತ್ತದೆ.

ಚಳಿಗಾಲದಲ್ಲಿ ಇಬ್ಬನಿ ಹನಿಹನಿಯಾಗಿ ಸುರಿಯುತ್ತದೆ. ಚಳಿಯೆಂದು ಡೇರೆಯ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ನಿಮ್ಮ ಉಸಿರಿನ ಆವಿಯೇ ಒಳಗೋಡೆಗೆ ಕಟ್ಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಕಿಂಡಿ ತೆರೆದಿಟ್ಟು ಕಂಬಳಿ ಹೊದೆಯಿರಿ. ಪೇಟೆಯ ಸ್ಲೀಪಿಂಗ್ ಬ್ಯಾಗಿಗಿಂತ ಈ ಹವೆಗೆ ಉಣ್ಣೆಯ ಕಂಬಳಿಯೇ ಒಳ್ಳೆಯದು, ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಆದರೆ ಭಾರ, ಮೊದಲ ರಾತ್ರಿ ಕುತ್ತಿಗೆಗೆ ಚುಚ್ಚುತ್ತದೆ.

ಬೆಳಿಗ್ಗೆ ಬಚ್ಚಲಿನ ಹಂಡೆಯಲ್ಲಿ ಕಾದ ನೀರು. ಆಮೇಲೆ ದೋಸೆ, ಬೆಲ್ಲ. ಮಧ್ಯಾಹ್ನ ತಂಬುಳಿ, ಅಪ್ಪೆಹುಳಿ. ಜೊಯಿಡಾ ಕಡೆಯಾದರೆ ಗೆಡ್ಡೆಗೆಣಸಿನ ಬಗೆಬಗೆ. ಇದಕ್ಕೆಲ್ಲ ತೆರಬೇಕಾದದ್ದು ಏಕಾಂತ. ನಾಲ್ಕು ಗಂಟೆಗೆ ಕೋಳಿ ಕೂಗುತ್ತದೆ, ನಾಯಿ ನಿಮ್ಮ ಡೇರೆಯನ್ನು ರಾತ್ರಿಯಿಡೀ ಅನುಮಾನಿಸುತ್ತದೆ, ಊಟದ ಹೊತ್ತಿಗೆ ಸರಿಯಾಗಿ ಎಲೆಯ ಮುಂದೆ ಇರಬೇಕು. ಎಷ್ಟೋ ಮನೆಗಳಲ್ಲಿ ಮಾಂಸ, ಮದ್ಯ ನಿಷಿದ್ಧ. ಅದನ್ನು ಮೊದಲೇ ಕೇಳಿಕೊಳ್ಳಿ, ಅಂಗಳದಲ್ಲಿ ಚರ್ಚೆ ಮಾಡಬೇಡಿ.

ಎರಡು ಮರಗಳ ನಡುವೆ

ಹ್ಯಾಮಕ್‌ನಲ್ಲಿ ಮಲಗುವವರಿಗೆ ಮರಳಿಲ್ಲ, ಕೂಳೆಯಿಲ್ಲ, ಸಮತಟ್ಟಾದ ನೆಲದ ಹುಡುಕಾಟವಿಲ್ಲ. ಉಂಬಳದ ಕಾಟವೂ ಕಡಿಮೆ. ಗುಡ್ಡಗಾಡಿಗೆ ಇದು ಬುದ್ಧಿವಂತರ ಆಯ್ಕೆ. ಒಡೆಯರ ಒಪ್ಪಿಗೆ ಪಡೆದು ಮಾವು, ಹಲಸು, ದಪ್ಪ ಗೇರು ಮರ ಆರಿಸಿ. ಅಡಿಕೆ, ಪಪ್ಪಾಯಿ ಬೇಡ. ತೊಗಟೆ ಕೊಯ್ಯದಂತೆ ಎರಡು ಇಂಚು ಅಗಲದ ಪಟ್ಟಿ ಬಳಸಿ. ಪಟ್ಟಿ ನೆಲಕ್ಕೆ ಸಮನಾಗಿ ಬಿಗಿಯದೆ ಸುಮಾರು 30 ಡಿಗ್ರಿ ಇಳಿಜಾರಾಗಿರಲಿ. ಕುಳಿತಾಗ ಕಾಲು ನೆಲಕ್ಕೆ ತಾಗುವಷ್ಟು ಎತ್ತರ ಸಾಕು. ನೇರ ಮಲಗಿದರೆ ಬೆನ್ನು ಬಾಗುತ್ತದೆ, ಓರೆಯಾಗಿ ಮಲಗಿದರೆ ಚಪ್ಪಟೆಯಾಗುತ್ತದೆ. ಮೇಲೆ ತಾಡಪಾಲು ಕಟ್ಟಿದರೂ ಇಬ್ಬನಿಯ ನೀರು ಪಟ್ಟಿಯಗುಂಟ ಜಾರಿ ಹಾಸಿಗೆಗೆ ಬರುತ್ತದೆ. ಪಟ್ಟಿಗೊಂದು ದಾರ ಕಟ್ಟಿ ಕೆಳಕ್ಕೆ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕಷ್ಟ ಎರಡು. ಮೊದಲನೆಯದು ಬೆನ್ನಿನ ಚಳಿ: ಕೆಳಗಿನಿಂದ ಗಾಳಿ ಹಾಯುವುದರಿಂದ ಎಷ್ಟು ಹೊದ್ದರೂ ಸಾಲದು, ಬೆನ್ನಡಿಗೆ ಚಾಪೆಯೋ ಕಂಬಳಿಯೋ ಬೇಕು. ಎರಡನೆಯದು ಚಗಳಿ. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪು ಇರುವೆಗೆ ಮಾವು, ಗೇರು ಎರಡೂ ಇಷ್ಟ. ಮಲೆನಾಡಿನಲ್ಲಿ ಅದರ ಚಟ್ನಿ ಮಾಡುವವರಿದ್ದಾರೆ, ಆದರೆ ನಡುರಾತ್ರಿ ನಿಮ್ಮ ಹಾಸಿಗೆಯಲ್ಲಿ ಅದು ನಿಮ್ಮನ್ನೇ ಚಟ್ನಿ ಮಾಡುತ್ತದೆ. ಪಟ್ಟಿ ಕಟ್ಟುವ ಮುನ್ನ ಕೊಂಬೆಗಳನ್ನು ಒಮ್ಮೆ ನೋಡಿ.

ಕಾರು, ಮತ್ತು ಮಂಚವಿರುವ ಡೇರೆ

ಕಾರಿನಲ್ಲಿ ಮಲಗುವುದರಲ್ಲಿ ಹೇಳಿಕೊಳ್ಳುವ ಸುಖವಿಲ್ಲ, ನಿಶ್ಚಿಂತೆಯಿದೆ. ಮಳೆ ಬಂದರೆ ಓಡಬೇಕಿಲ್ಲ. ಕಿಟಕಿಗೆ ಸೊಳ್ಳೆಪರದೆಯ ಬಟ್ಟೆ ಸಿಕ್ಕಿಸಿ ನಾಲ್ಕು ಬೆರಳು ತೆರೆದಿಡಿ. ಇಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗುವುದು ಪ್ರಾಣಕ್ಕೆ ಅಪಾಯ, ಹೊಗೆಯ ಅನಿಲಕ್ಕೆ ಬಣ್ಣವೂ ವಾಸನೆಯೂ ಇಲ್ಲ. 66ನೇ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದರೆ ಲಾರಿಗಳು ಬೆಳಗಿನವರೆಗೆ ಮಾತಾಡಿಸುತ್ತವೆ, ಒಳರಸ್ತೆಯ ದೇವಸ್ಥಾನದ ಬಯಲಲ್ಲಿ ಅರ್ಚಕರನ್ನು ಕೇಳಿ ನಿಲ್ಲಿಸುವುದು ಮೇಲು.

ಮಂಚ, ಫ್ಯಾನು, ಒಳಗೇ ಶೌಚಾಲಯವಿರುವ ಡೇರೆಗಳೂ ಇವೆ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣಗಳು ದಾಂಡೇಲಿ, ಕಾರವಾರ ಕಡೆ ಇವೆ, ಖಾಸಗಿಯವಕ್ಕೆ ಲೆಕ್ಕವಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನೋ ಸಣ್ಣ ಮಕ್ಕಳನ್ನೋ ಕರೆದುಕೊಂಡು ಹೋಗುವವರು ಇದನ್ನೇ ಆರಿಸಿ, ಸಂಕೋಚ ಬೇಡ. ಕಾಯ್ದಿರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಹಾಡು ಎಷ್ಟು ಗಂಟೆಗೆ ನಿಲ್ಲುತ್ತದೆ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಮಳೆಗೆ ಉಂಬಳ, ಬಿಸಿಲಿಗೆ ಉಣುಗು

ಉಂಬಳಕ್ಕೆ ಜನ ಹೆದರುತ್ತಾರೆ, ಉಣುಗನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇರಬೇಕಾದದ್ದು ತಿರುಗಾಮುರುಗ.

ಉಂಬಳ ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವನ್ನು ಅದು ಗಾಯಕ್ಕೆ ಬಿಡುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡಲು ಭಯಾನಕ, ಅಷ್ಟೇ. ಎಳೆಯಬೇಡಿ, ಉಗುರಿನಿಂದ ಬಾಯಿಯ ತುದಿಯನ್ನು ಜಾರಿಸಿ. ಸುಣ್ಣ, ಹೊಗೆಸೊಪ್ಪು, ಉಪ್ಪು ಯಾವುದಾದರೂ ಆದೀತು. ಕವಳ (ಎಲೆಯಡಿಕೆ) ಹಾಕುವವರ ಸಂಚಿಯಲ್ಲಿ ಮೊದಲೆರಡು ಸಿಕ್ಕೇ ಸಿಗುತ್ತವೆ.

ಉಣುಗಿನ ವಿಷಯ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಎಂಬ ಜ್ವರ ಹರಡುವುದು ಇದರಿಂದ. ಸಿದ್ದಾಪುರ, ಹೊನ್ನಾವರ ಭಾಗದ ಜನ ಅದನ್ನು ಬಲ್ಲರು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಎಂದರೆ ಡೇರೆಗೆ ನಾವು ಒಳ್ಳೆಯದೆಂದು ಆರಿಸಿದ ಕಾಲವೇ. ಆಗ ಕಾಡಂಚಿನ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಗ್ಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಮಂಡಿಯ ಸಂದಿ, ಸೊಂಟ, ಕಿವಿಯ ಹಿಂದೆ ಹುಡುಕಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ, ಆರೋಗ್ಯ ಸಿಬ್ಬಂದಿಗೆ ತಿಳಿಸಿ.

ಹಾವಿಗೆ ಒಂದೇ ಮಾತು: ರಾತ್ರಿ ಟಾರ್ಚಿಲ್ಲದೆ ಹೆಜ್ಜೆ ಇಡಬೇಡಿ, ಬೆಳಿಗ್ಗೆ ಚಪ್ಪಲಿ ಕೊಡವದೆ ಹಾಕಬೇಡಿ. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ. ದೊಡ್ಡ ಚಿಕಿತ್ಸೆಗೆ ಈ ಜಿಲ್ಲೆಯ ಜನ ಈಗಲೂ ಹುಬ್ಬಳ್ಳಿ, ಮಂಗಳೂರು, ಗೋವಾ ಎಂದು ಓಡುತ್ತಾರೆ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಒಂಟಿಯಾಗಿ ಮಲಗುವ ಮುನ್ನ ಇದನ್ನು ನೆನಪಿಡಿ.

ಒಲೆ ಮತ್ತು ಬೆಳಗಿನ ಕೆಲಸ

ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು. ಗಾಳಿಮರದ ಒಣಗಿದ ಎಲೆ ಕಿಡಿಗೆ ಕಾದಿರುತ್ತದೆ. ತೀರದಲ್ಲಿ ಕೆಂಡವನ್ನು ಮರಳಿನಲ್ಲಿ ಮುಚ್ಚಿ ಹೋಗುವ ಅಭ್ಯಾಸ ಕೆಟ್ಟದ್ದು: ಮರಳಡಿಯಲ್ಲಿ ಅದು ಗಂಟೆಗಟ್ಟಲೆ ಕಾವು ಹಿಡಿದಿಟ್ಟು, ಬರಿಗಾಲಲ್ಲಿ ಬರುವ ಮಗುವಿನ ಪಾದ ಸುಡುತ್ತದೆ. ನೀರು ಸುರಿದು ಕೈಯಿಟ್ಟು ನೋಡಿ ಆಮೇಲೆ ಹೊರಡಿ. ಒಲೆಯೇ ಬೇಡವೆಂದರೆ ಅವಲಕ್ಕಿ, ಬೆಲ್ಲ, ಕಾಯಿತುರಿ, ಅಪ್ಪೆಮಿಡಿ ಉಪ್ಪಿನಕಾಯಿ ಇವೆ.

ಡೇರೆಯವರ ನಿಜವಾದ ಪರೀಕ್ಷೆ ಬೆಳಗಿನ ಐದು ಗಂಟೆಗೆ. ಹೋಂಸ್ಟೇಯಲ್ಲಿ, ಅಂಗಡಿಯಲ್ಲಿ, ದೇವಸ್ಥಾನದ ಬಳಿ ಶೌಚಾಲಯ ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಹಿಂದಿನ ಸಂಜೆಯೇ ತಿಳಿದುಕೊಳ್ಳಿ. ಬೇರೆ ದಾರಿಯೇ ಇಲ್ಲವಾದರೆ ಹೊಳೆ, ಬಾವಿ, ಅಬ್ಬಿಯಿಂದ 60 ಮೀಟರ್ ದೂರ ಹೋಗಿ ಗೇಣುದ್ದ ಆಳದ ಗುಂಡಿ ತೆಗೆದು ಮಣ್ಣು ಮುಚ್ಚಿ. ಈ ಕಡೆ ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ ನೀರೇ ಪೈಪಿನಲ್ಲಿ ಕುಡಿಯಲು ಹೋಗುತ್ತದೆ. ಕಡಲತೀರದ ಮರಳು ಇದಕ್ಕಲ್ಲ. ಒದ್ದೆ ಟಿಶ್ಯೂ, ಡೈಪರ್, ಪ್ಯಾಡ್ ಮಣ್ಣಲ್ಲಿ ಕರಗುವುದಿಲ್ಲ, ಚೀಲದಲ್ಲಿ ಕಟ್ಟಿ ಊರಿಗೆ ಒಯ್ಯಿರಿ.

ಮರಳಿ ಬಂದ ಮೇಲೆ

ಸಮುದ್ರದ ಉಪ್ಪು ಜಿಪ್ಪನ್ನು ತಿನ್ನುತ್ತದೆ. ಡೇರೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ, ಜಿಪ್ಪಿಗೆ ಮೇಣ ತಿಕ್ಕಿ. ಒದ್ದೆಯಾಗಿಯೇ ಮಡಚಿಟ್ಟ ಡೇರೆಗೆ ನಮ್ಮ ಹವೆಯಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಕಾಡಂಚಿನಲ್ಲಿ ತೊಟ್ಟ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಬಳಿ ಹೋದಾಗ ಯಾವ ಊರಿನಲ್ಲಿ, ಯಾವ ದಿನ, ಕಾಡಿನಿಂದ ಎಷ್ಟು ದೂರದಲ್ಲಿ ಮಲಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.